ಯಾರನ್ನೂ ಎಬ್ಬಿಸಬೇಕಿಲ್ಲದ ಸೀಟು

ಚಾಕಣ ಈರುಳ್ಳಿ ಮಾರುಕಟ್ಟೆಗೆ ಹೆಸರಾದ ಊರು. ಈಗ ಸುತ್ತಲೂ ಕಾರು, ಬೈಕುಗಳ ಕಾರ್ಖಾನೆಗಳು. ಇಲ್ಲಿ ಐಟಿ ಕೆಲಸ ಮಾಡುವ ನನ್ನಂಥವರು ಜರ್ಮನಿಗೋ ಅಮೆರಿಕಕ್ಕೋ ಹೋಗಿ ಬರುವುದು ಇದ್ದದ್ದೇ. ಹಾಗಾಗಿ ಕ್ಯಾಂಟೀನಿನಲ್ಲಿ ‘ವಿಮಾನದಲ್ಲಿ ಯಾವ ಸೀಟು ಒಳ್ಳೇದು’ ಎಂಬ ಚರ್ಚೆಗೆ ಬರವಿಲ್ಲ. ಆದರೆ ಆ ಪ್ರಶ್ನೆಗೆ ನಾನು ತಲೆಕೆಡಿಸಿಕೊಂಡಿದ್ದು ಅವ್ವನಿಗೆ ಟಿಕೆಟ್ ತೆಗೆಯುವಾಗ.

ತಂಗಿಯ ಬಾಣಂತನಕ್ಕೆ ಅವ್ವ ನ್ಯೂಜೆರ್ಸಿಗೆ ಹೊರಟಿದ್ದಳು, ಒಬ್ಬಳೇ. ವಯಸ್ಸು ಅರವತ್ತೆಂಟು, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಪುಣೆಯ ಲೋಹಗಾಂವ್ ವಾಯುಪಡೆಯ ನೆಲೆ. ಅಷ್ಟು ದೂರದ ವಿಮಾನಕ್ಕೆ ನಮಗೆ ಮುಂಬೈಯೇ ಗತಿ. ಅಲ್ಲಿಂದ ನೇರ ವಿಮಾನವೆಂದರೂ ಸುಮಾರು ಹದಿನೈದು, ಹದಿನಾರು ತಾಸು. ಅವ್ವ ಕೇಳಿದ್ದು ಒಂದೇ: “ಕಿಡಕಿ ಕಡೆ ಸೀಟ ಸಿಗತೈತೇನೋ?”

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ನಾವು. ಆ ಅನುಭವ ಇಲ್ಲೂ ತಕ್ಕಮಟ್ಟಿಗೆ ನಡೆಯುತ್ತದೆ. ಹಿಂದಿನ ಗಾಲಿಯಾಚೆ ಕೂತವರ ಸೊಂಟದ ಪಾಡು ಎಲ್ಲರಿಗೂ ಗೊತ್ತು. ವಿಮಾನದಲ್ಲಿಯೂ ರೆಕ್ಕೆಗಳ ಹತ್ತಿರ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ಗೋಡೆಯ ಹಿಂದಿನ ಮೊದಲ ಸಾಲಿನಲ್ಲಿ ಕಾಲು ಚಾಚಬಹುದು ನಿಜ. ಆದರೆ ಮುಂದೆ ಸೀಟಿಲ್ಲದ್ದರಿಂದ ಏರುವಾಗ, ಇಳಿಯುವಾಗ ಚೀಲವನ್ನು ಮೇಲಿಡಬೇಕು. ಅವ್ವನ ಮಾತ್ರೆಗಳೆಲ್ಲ ಅದರಲ್ಲೇ. ತೊಟ್ಟಿಲು ಹಾಕುವ ಜಾಗವೂ ಸಾಮಾನ್ಯವಾಗಿ ಅಲ್ಲೇ, ಕೂಸುಗಳ ಅಳು ಬೇರೆ. ತುರ್ತು ಬಾಗಿಲಿನ ಸಾಲು ಬಾಗಿಲು ತೆರೆಯುವ ಕಸುವಿದ್ದವರಿಗೆ, ಸಿಬ್ಬಂದಿಯ ಮಾತು ತಿಳಿಯುವವರಿಗೆ ಮಾತ್ರ.

ಉಳಿದದ್ದು ಕಿಟಕಿಯೋ, ನಡೆದಾಡುವ ದಾರಿಯ ಪಕ್ಕದ ಸೀಟೋ ಎಂಬುದು.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 4 ತಾಸಿಗಿಂತ ಹೆಚ್ಚು ಹೊತ್ತು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರು, ಹೆದರಿ ಕೂರುವಷ್ಟೇನಲ್ಲ. ಬಸ್ಸು, ರೈಲಿಗೂ ಇದೇ ಮಾತು. ಮದ್ದು ಸುಲಭ: ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಕೂತಲ್ಲೇ ಪಾದ ಆಡಿಸುವುದು.

ಆದರೆ ಅವ್ವ ಏಳುವವಳಲ್ಲ. ವಿಜಯಪುರದಲ್ಲಿ ಬಸ್ ಹತ್ತಿದರೆ ಸೋಲಾಪುರ ದಾಟಿ ಪುಣೆ ಮುಟ್ಟುವವರೆಗೆ ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಾಲಯಕ್ಕೆ ಎಲ್ಲಿ ಇಳಿಯುವುದು ಎಂಬ ಚಿಂತೆ. ಆ ಪೀಳಿಗೆಯ ಎಷ್ಟೋ ಹೆಂಗಸರು ಹೀಗೇ ಬಾಯಾರಿಕೆ ತಡೆದು ಊರಿಂದೂರಿಗೆ ಹೋದವರು. ಕಿಟಕಿ ಪಕ್ಕ ಕೂರಿಸಿದರೆ ನಿದ್ದೆಯಲ್ಲಿರುವ ಇಬ್ಬರು ಅಪರಿಚಿತರನ್ನು ಅವಳು ಎಬ್ಬಿಸುವುದುಂಟೆ? ಹದಿನಾರು ತಾಸೂ ಗಂಟಲು ಒಣಗಿಸಿಕೊಂಡು ಕೂತಿರುತ್ತಿದ್ದಳು.

ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ದೊಡ್ಡ ಬೋಯಿಂಗ್ 777ರ ಇಕಾನಮಿಯಲ್ಲಿ ಬಹಳ ಕಡೆ ಒಂದು ಸಾಲಿಗೆ 3-4-3 ಸೀಟು. ಕಿಟಕಿ ಕಡೆಯ ಮೂರರಲ್ಲಿ ದಾರಿ ಪಕ್ಕ ಕೂತರೆ ಒಳಗಿನ ಇಬ್ಬರೂ ನಮ್ಮನ್ನು ದಾಟಿಯೇ ಹೋಗಬೇಕು. ನಡುವಿನ ನಾಲ್ಕರಲ್ಲಿ ತುದಿಗೆ ಕೂತರೆ ದಾಟುವವರು ಒಬ್ಬರೇ. ಇನ್ನೊಬ್ಬರಿಗೆ ಆಚೆ ದಾರಿ ಹತ್ತಿರ. ಮೊಣಕಾಲು ನೋವಿನವರಿಗೆ ಇದು ಸಣ್ಣ ಉಪಕಾರವಲ್ಲ. ಶೌಚಾಲಯದಿಂದ ನಾಲ್ಕೈದು ಸಾಲು ದೂರ, ರೆಕ್ಕೆಯಿಂದ ತೀರಾ ಹಿಂದಲ್ಲದ ಅಂಥದೊಂದು ಸೀಟನ್ನು ಹೆಚ್ಚಿನ ದುಡ್ಡು ಕೊಟ್ಟು ಹಿಡಿದೆ. ಸೀಟಿನ ನಂಬರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿಯಲ್ಲಿ ಬರೆದು ಅವ್ವನ ಪರ್ಸಿನಲ್ಲಿಟ್ಟೆ.

“ಕಿಡಕಿ ಇಲ್ಲೇನು?” ಎಂದು ಮುಖ ಸಣ್ಣಗೆ ಮಾಡಿದಳು. ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಯಾರನ್ನೂ ಎಬ್ಬಸೂದ ಬ್ಯಾಡ, ಹೌದಲ್ಲ?” ಎಂದಳು.

ನ್ಯೂಜೆರ್ಸಿ ಮುಟ್ಟಿ ಫೋನ್ ಮಾಡಿದಾಗ ಮೊದಲು ಹೇಳಿದ್ದು ಮೊಮ್ಮಗಳ ಸುದ್ದಿ. ಆಮೇಲೆ, “ಎರಡ ಸಲ ಹಿಂದ ಅವ್ರ ಅಡಗಿಮನಿ ತನಕ ಹೋಗಿ ನಾನ ನೀರ ಇಸ್ಕೊಂಡ ಕುಡದ್ನಿ” ಎಂದಳು. ಆ ‘ನಾನ’ ಎಂಬುದರಲ್ಲಿ ಇದ್ದ ಹೆಮ್ಮೆ ಕೇಳಬೇಕಿತ್ತು.

ಬಾಣಂತನಕ್ಕೆಂದು ತಾಯಂದಿರನ್ನು ಕಳಿಸುವವರು ನಮ್ಮಲ್ಲಿ ಬಹಳ ಮಂದಿ. ಸೀಟು ಆರಿಸುವಾಗ ನಕ್ಷೆ ನೋಡಿ, ರೇಟು ನೋಡಿ. ಅದಕ್ಕೂ ಮೊದಲು, ಕೂರುವವರು ನೀರು ಕೇಳಿ ಕುಡಿಯುವವರೋ, ತಡೆದುಕೊಳ್ಳುವವರೋ ಎಂಬುದನ್ನು ನೆನೆಸಿಕೊಳ್ಳಿ.