ದಾಸೋಹದ ತಟ್ಟೆ

ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದು ಬಗೆದರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ.

ತುಮಕೂರಿನ ಸಿದ್ಧಗಂಗಾ ಮಠದ ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಬಡಮಕ್ಕಳಿಗೆ ಜಾತಿಭೇದವೆಣಿಸದೆ ಅನ್ನ, ವಸತಿ, ವಿದ್ಯೆಗಳನ್ನಿತ್ತರು. ಅದಕ್ಕಾಗಿ ಊರೂರಿಗೆ ಭಿಕ್ಷೆಗೆ ಹೊರಟವರು ಸ್ವಾಮಿಗಳೇ. ಬೇಡುವ ಭಾರವನ್ನು ಮಕ್ಕಳ ಮೇಲೆ ಹೊರಿಸಲಿಲ್ಲ.

ಆದರೆ ಒಂದು ಜೋಳಿಗೆ ನಾಡಿನ ಎಲ್ಲ ಮಕ್ಕಳನ್ನೂ ಮುಟ್ಟಲಾರದು. ಅಲ್ಲಿ ಬೊಕ್ಕಸವೇ ಜೋಳಿಗೆಯಾಗಬೇಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ 200 ದಿನ, 300 ಕ್ಯಾಲೊರಿಯ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಮರುವರ್ಷ ಕರ್ನಾಟಕ ಸರ್ಕಾರವು ಉತ್ತರದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭಿಸಿ, ಶರಣರ ಮಾತನ್ನೇ ಎರವಲು ಪಡೆದು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಸರ್ಕಾರಿ ಯೋಜನೆಗೆ ಇಷ್ಟು ಒಪ್ಪುವ ಹೆಸರು ಸಿಗುವುದು ಅಪರೂಪ!

‘ಬೇಯಿಸಿದ’ ಎಂಬ ಪದದ ಬೆಲೆ ತಿಳಿದದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಒಲೆಗಳು ಆರಿದವು. ಊಟದ ಬದಲು ಅಕ್ಕಿ, ಬೇಳೆಗಳನ್ನು ಮನೆಗೆ ಕೊಡಲಾಯಿತು. ತಟ್ಟೆಗೆ ಬಡಿಸಿದ ಅನ್ನ ಮಗುವಿನದು. ಮನೆಗೆ ಬಂದ ಅಕ್ಕಿ ಮಾತ್ರ, ಕೂಲಿಯಿಲ್ಲದ ಆ ದಿನಗಳಲ್ಲಿ, ಮನೆಮಂದಿಯೆಲ್ಲರ ಪಾಲು. ಕಡತದಲ್ಲಿ ಅದು ಮಗುವಿನ ಹೆಸರಿನಲ್ಲಿಯೇ ಇತ್ತು.