ನಾಲ್ಕು ಸಾವಿರ ವರ್ಷದಿಂದ ಓಡುತ್ತಿರುವ ಚಿತ್ರ!

ಹೀರೋ ಹೆಸರು ಯಾರಿಗೂ ಗೊತ್ತಿಲ್ಲ. ಡೈರೆಕ್ಟರ್ ಯಾರೋ, ನಿರ್ಮಾಪಕ ಯಾರೋ! ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ, ಇಂಟರ್ವಲ್ ಅಂತೂ ಇಲ್ಲವೇ ಇಲ್ಲ. ಆದರೂ ಸುಮಾರು ನಾಲ್ಕು ಸಾವಿರ ವರ್ಷದಿಂದ ಒಂದೇ ಟಾಕೀಸಿನಲ್ಲಿ ಓಡುತ್ತಿರುವ ಚಿತ್ರವೊಂದು ನಮ್ಮ ಕರ್ನಾಟಕದಲ್ಲೇ ಇದೆ. ಟಾಕೀಸಿನ ಹೆಸರು ಕುಪಗಲ್ಲು ಗುಡ್ಡ. ಸ್ಥಳ ಬಳ್ಳಾರಿ.

ಬಂಡೆ ಅಂದರೆ ನಮ್ಮ ಸಿನಿಮಾ ಮಂದಿಗೆ ನೆನಪಾಗೋದು ರಾಮನಗರ. 1975ರಲ್ಲಿ ‘ಶೋಲೆ’ ಬಂದ ಮೇಲೆ ರಾಮದೇವರ ಬೆಟ್ಟದ ಬಂಡೆಗಳೆಲ್ಲ ಗಬ್ಬರ್ ಸಿಂಗನ ಖಾತೆಗೆ ಜಮಾ ಆಗಿಬಿಟ್ಟವು. ಆದರೆ ಕುಪಗಲ್ಲಿನ ಬಂಡೆಗಳು ಬರೀ ಲೊಕೇಶನ್ ಅಲ್ಲ ಸ್ವಾಮಿ, ಅವೇ ತೆರೆ!

ಕೋಲಾರದ ಹುಡುಗರು ಅಲ್ಲಿಗೆ ಹೋಗೋದು ಕಷ್ಟವೇನಲ್ಲ. ಸಂಜೆ ಬೆಂಗಳೂರು ಸೇರಿ, ರಾತ್ರಿ ಬಳ್ಳಾರಿ ಬಸ್ಸು ಹತ್ತಿದರೆ ಹಿರಿಯೂರು, ಚಳ್ಳಕೆರೆ ದಾಟಿ ಬೆಳಗ್ಗೆ ಇಳಿಸುತ್ತದೆ. ಇಳಿದ ಕೂಡಲೇ ಬಿಸಿಬಿಸಿ ಮಿರ್ಚಿ, ಮಂಡಕ್ಕಿ ಒಗ್ಗರಣೆ. ಊರಿನಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಕುಪಗಲ್ಲು. ಅಲ್ಲಿ ಕಾಣುವ ದೊಡ್ಡ ಗುಡ್ಡವೇ ಹಿರೇಗುಡ್ಡ.

ನಾನು ಗುಡ್ಡದ ಬುಡಕ್ಕೆ ಬಂದಾಗ ಮೂರು ಗಂಟೆ. ಬಳ್ಳಾರಿ ಬಿಸಿಲು ಕೇಳಬೇಕೇ? ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ನನ್ನ ಕೈಲಿದ್ದ ಕ್ಯಾಮೆರಾ ನೋಡಿ ನಕ್ಕ. “ಈಗ ಹೋದ್ರ ಏನೂ ಕಾಣಂಗಿಲ್ರಿ. ಹೊತ್ತು ಇಳೀಲಿ, ಅವಾಗ ಎದ್ದು ಬರ್ತಾವು.” ಯಾವುದು ಎದ್ದು ಬರುತ್ತೆ ಅಂದೆ. “ಎತ್ತು!” ಅಂದ.

ಗುಡ್ಡವೆಲ್ಲ ಬೂದುಬಣ್ಣದ ಗ್ರಾನೈಟು. ಅದರ ನಡುವೆ ಕರಿಕಲ್ಲಿನ ಒಂದು ಪಟ್ಟಿ ಹಾದು ಹೋಗಿದೆ. ಭೂವಿಜ್ಞಾನದವರು ಅದನ್ನ ಡಾಲರೈಟ್ ಡೈಕ್ ಅಂತಾರೆ. ಕೋಟ್ಯಂತರ ವರ್ಷದ ಹಿಂದೆ ಗ್ರಾನೈಟಿನ ಬಿರುಕಿನೊಳಗೆ ಕುದಿಯುವ ಕಲ್ಲಿನ ರಸ ನುಗ್ಗಿ ಗಟ್ಟಿಯಾದದ್ದು. ಈ ಕರಿಬಂಡೆಗಳ ಮೈಮೇಲೇ ಚಿತ್ರಗಳು. ಉಳಿಯಿಂದ ಕೆತ್ತಿದ್ದಲ್ಲ, ಬಣ್ಣದಲ್ಲಿ ಬರೆದದ್ದೂ ಅಲ್ಲ. ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಮೇಲಿನ ಕಪ್ಪು ಸಿಪ್ಪೆ ತೆಗೆದು ಮೂಡಿಸಿದ್ದು.

ಐದು ಗಂಟೆ ಹೊತ್ತಿಗೆ ಬಿಸಿಲು ಓರೆಯಾಯ್ತು ನೋಡಿ… ಒಂದೊಂದೇ ಎದ್ದು ಬಂದವು! ಉದ್ದ ಕೊಂಬು, ಬೆನ್ನ ಮೇಲೆ ಹಿಣಿಲು, ಸಣ್ಣ ನಡು. ಒಂದು ಹೋರಿ, ಎರಡು ಹೋರಿ, ಆಮೇಲೆ ಬಂಡೆ ತುಂಬ ಹೋರಿ. ಅಲ್ಲಲ್ಲಿ ಮನುಷ್ಯರ ಆಕಾರಗಳು. ಹೆಣ್ಣು ಗಂಡು ಕೂಡಿದ ದೃಶ್ಯಗಳೂ ಇವೆ. ಸೆನ್ಸಾರ್ ಬೋರ್ಡ್ ಇಲ್ಲದ ಕಾಲ!

ಇದೆಲ್ಲ ಲೈಟಿಂಗ್ ಮಹಿಮೆ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಒಂದೇ ಒಂದು ಬೆಳಕಿನ ಕೋಲು ಇಳಿಸಿ ದೇಶವನ್ನೇ ಬೆರಗು ಮಾಡಿದರಲ್ಲ, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ, ಅವರ ಕೆಲಸ ನೋಡಿದವರಿಗೆ ಈ ಮಾತು ಅರ್ಥವಾಗುತ್ತೆ. ಬೆಳಕು ನೆತ್ತಿ ಮೇಲಿದ್ದರೆ ಕಲ್ಲು ಬರೀ ಕಲ್ಲು. ಅದೇ ಬೆಳಕು ಪಕ್ಕದಿಂದ ಬಂದರೆ ಕೂದಲೆಳೆಯಷ್ಟು ತಗ್ಗಿಗೂ ನೆರಳು ಹುಟ್ಟುತ್ತೆ. ಆ ನೆರಳೇ ಚಿತ್ರ.

ಕೆಲವು ಚಿತ್ರಗಳಿರುವ ಜಾಗ ನೋಡಿದರೆ ಎದೆ ಝಲ್ ಅನ್ನುತ್ತೆ. ಅಲ್ಲಿ ನಿಂತು ಕುಟ್ಟೋದಕ್ಕೆ ಕಾಲಿಡಲೂ ತಾವಿಲ್ಲ. ಮೇಲಿನಿಂದ ಜೋತುಬಿದ್ದೇ ಕುಟ್ಟಿರಬೇಕು ಅಂತಾರೆ ಅಧ್ಯಯನ ಮಾಡಿದವರು. ಡ್ಯೂಪ್ ಇಲ್ಲ, ನೆಟ್ ಇಲ್ಲ!

ಇನ್ನು ಸೌಂಡ್ ಟ್ರ್ಯಾಕ್. ಅಜ್ಜ ಒಂದು ಬಂಡೆ ತೋರಿಸಿದ. ಅದರ ಮೇಲೆ ನುಣುಪಾದ ಕುಳಿಗಳು, ಗೀರುಗಳು. ಬೆರಳ ಗಾತ್ರದ ಹರಳಿನಿಂದ ಮೆಲ್ಲಗೆ ತಟ್ಟಿದ. ಠಣ್! ದೇವಸ್ಥಾನದ ಜಾಗಟೆ ಥರ. ಹಳೆಯ ಜನ ಇಲ್ಲಿ ಚಿತ್ರ ಕುಟ್ಟಿದ್ದಷ್ಟೇ ಅಲ್ಲ, ಕಲ್ಲನ್ನು ನುಡಿಸಿಯೂ ಇದ್ದರು ಅಂತ ಕೇಂಬ್ರಿಡ್ಜಿನ ನಿಕೋಲ್ ಬೋವಿನ್ 2004ರಲ್ಲಿ ಲೇಖನ ಬರೆದು ಜಗತ್ತಿಗೆ ಸಾರಿದರು. ಚಿತ್ರವೂ ಉಂಟು, ಸಂಗೀತವೂ ಉಂಟು. ಟಾಕಿ ಯುಗ ನಾವಂದುಕೊಂಡಿದ್ದಕ್ಕಿಂತ ಬಹಳ ಹಳೇದು!

ಯಾರಿವರು? ನವಶಿಲಾಯುಗದ ದನಗಾಹಿಗಳು. ಆಮೇಲೆ ಬಂದವರೂ ತಮ್ಮ ಚಿತ್ರಗಳನ್ನು ಸೇರಿಸಿದ್ದಾರೆ, ಆದರೆ ಶುರು ಮಾಡಿದವರು ಅವರೇ. ಇದೇ ಹಿರೇಗುಡ್ಡದ ಕರಿಕಲ್ಲಿನಿಂದ ಕೊಡಲಿ ತಯಾರಿಸುತ್ತಿದ್ದರು. ಕೊಡಲಿಯ ಕಾರ್ಖಾನೆಯೇ ಇತ್ತು. ಅವರ ಇನ್ನೊಂದು ಗುರುತು ಬೂದಿಗುಡ್ಡೆ. ಹಂಪಿ ಹತ್ತಿರ ನಿಂಬಾಪುರದಲ್ಲಿ ಅಂಥದೊಂದಿದೆ, ಜನ ಅದನ್ನ ವಾಲಿಯನ್ನು ಸುಟ್ಟ ಬೂದಿ ಅಂತಾರೆ. ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಆಲ್ಚಿನ್ ಎಂಬ ವಿದ್ವಾಂಸ ಅಗೆದು ನೋಡಿದರೆ ಅದು ದೊಡ್ಡಿಯಲ್ಲಿ ರಾಶಿ ಹಾಕಿ ಸುಟ್ಟ ಸಗಣಿ! ಪದರದೊಳಗೆ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು.

ಕುಪಗಲ್ಲಿನ ಚಿತ್ರ ಕುಟ್ಟಿದವರು ಬಹುಶಃ ದನ ಕಾಯುವ ಗಂಡಸರು ಅನ್ನೋದು ಬೋವಿನ್ ಅವರ ಊಹೆ. ಅಂದರೆ ನಿಮ್ಮ ನನ್ನ ವಯಸ್ಸಿನ ಹುಡುಗರೇ ಯಾಕಾಗಿರಬಾರದು? ದನ ಬಿಟ್ಟು, ಬಂಡೆ ಏರಿ, ತನ್ನ ಹೋರಿಯೇ ಊರಿಗೆಲ್ಲ ಮಿಗಿಲು ಅಂತ ಕುಟ್ಟಿ ತೋರಿಸಿದ ಹುಡುಗ. ನಾವು ಹೀರೋ ಕಟೌಟ್ ನಿಲ್ಲಿಸೋದಿಲ್ಲವೇ, ಹಾಗೆ!

ಈಗ ಕಥೆಯ ಟ್ವಿಸ್ಟ್ ಕೇಳಿ. ಈ ಚಿತ್ರಗಳ ಸುದ್ದಿ 1892ರಲ್ಲೇ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು. ಫಾಸೆಟ್ ಎಂಬ ಅಧಿಕಾರಿ ಬರೆದಿದ್ದರು. ಆಗ ತೆಗೆದ ಫೋಟೋಗಳು ಕಳೆದುಹೋದವು. ಆಮೇಲೆ ಹುಡುಕಿ ಬಂದವರಿಗೆ ಜಾಗ ಸಿಗುವುದೇ ಕಷ್ಟವಾಯ್ತು. ಧಾರವಾಡದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಮತ್ತು ಬೋವಿನ್ ಅವರ ತಂಡ ಹೊಸ ಶತಮಾನದಲ್ಲಿ ಬಂದು ಬಂಡೆ ಬಂಡೆ ದಾಖಲಿಸುವ ತನಕ ವಿದ್ವಾಂಸರ ಪಾಲಿಗೆ ಇದು ಹೆಚ್ಚುಕಡಿಮೆ ಕಳೆದುಹೋದ ರೀಲು. ಕುರಿ ಕಾಯುವವರಿಗೆ ಮಾತ್ರ ಯಾವತ್ತೂ ಕಳೆದಿರಲಿಲ್ಲ!

ಆ ತಂಡ ಬಂದಾಗ ಇನ್ನೊಂದು ತಂಡವೂ ಗುಡ್ಡದಲ್ಲಿತ್ತು. ಕಲ್ಲು ಒಡೆಯುವವರದು. ಗ್ರಾನೈಟ್ ಕ್ವಾರಿಯಿಂದ ಚಿತ್ರಗಳು ನಾಶವಾಗುತ್ತಿವೆ ಅಂತ ಆಗಲೇ ಎಚ್ಚರಿಕೆ ಕೊಟ್ಟರು. ನಾಲ್ಕು ಸಾವಿರ ವರ್ಷದ ಮಳೆ, ಗಾಳಿ, ಬಳ್ಳಾರಿ ಬಿಸಿಲು ಅಳಿಸಲಾರದ್ದನ್ನು ಒಂದು ಮದ್ದಿನ ತೂತು ಒಂದು ಮಧ್ಯಾಹ್ನದಲ್ಲಿ ಜಲ್ಲಿ ಮಾಡುತ್ತೆ. ಆ ಜಲ್ಲಿಯಲ್ಲಿ ಹೋರಿ ಇತ್ತೋ ಇಲ್ಲವೋ ಲಾರಿ ಡ್ರೈವರಿಗೆ ಹೇಗೆ ಗೊತ್ತಾಗಬೇಕು?

ಹೊರದೇಶದಲ್ಲಿ ಏನು ಮಾಡಿದ್ದಾರೆ ನೋಡಿ. ಸ್ಕಾಟ್ಲೆಂಡಿನ ಕಾಡುಮೇಡಿನಲ್ಲೂ ಇಂಥ ಕೆತ್ತಿದ ಬಂಡೆಗಳಿವೆ, ಹೆಚ್ಚಿನವು ಕುಳಿ ಮತ್ತು ಅದರ ಸುತ್ತ ಬಳೆ. ಗ್ಲಾಸ್ಗೋ ಹತ್ತಿರದ ಕೊಕ್ನೋ ಬಂಡೆಯ ಮೇಲೆ ಜನ ಹೆಸರು ಗೀಚುತ್ತಾರೆ ಅಂತ 1965ರಲ್ಲಿ ಅದನ್ನು ಮಣ್ಣಲ್ಲೇ ಹೂತುಬಿಟ್ಟರು! ಐವತ್ತು ವರ್ಷದ ಮೇಲೆ ತೆಗೆದು, ಅಳತೆ ಮಾಡಿ, ಮತ್ತೆ ಮುಚ್ಚಿದರು. ಕಿಲ್ಮಾರ್ಟಿನ್ ಕಣಿವೆಯಲ್ಲಿ ಹೇಮಿಶ್ ಫೆಂಟನ್ ಎಂಬಾತ ಒಂದು ಮುಸ್ಸಂಜೆ ಹಳೇ ಗೋರಿಯೊಳಗೆ ನುಸುಳಿ ಟಾರ್ಚ್ ಬಿಟ್ಟರೆ, ಮೇಲಿನ ಚಪ್ಪಡಿಯಲ್ಲಿ ಕೊಂಬಿನ ಜಿಂಕೆಗಳು! 2021ರಲ್ಲಿ ಆ ಸುದ್ದಿ ಪ್ರಕಟವಾಯ್ತು. ನಾಲ್ಕೈದು ಸಾವಿರ ವರ್ಷ ಹಳೆಯವು. ಎಷ್ಟೋ ಜನ ಬಂದು ನೋಡಿ ಹೋಗಿದ್ದ ಗೋರಿ ಅದು. ಬೇಕಾದದ್ದು ಡಿಗ್ರಿ ಅಲ್ಲ, ಓರೆ ಬೆಳಕು ಮತ್ತು ಕತ್ತೆತ್ತಿ ನೋಡುವ ಬುದ್ಧಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಕೋಲಾರದ ಕಲ್ಲು ಅಂದರೆ ಚಿನ್ನ ಅಂತ ಎಲ್ಲರೂ ಬಲ್ಲರು. 1802ರಲ್ಲಿ ಜಾನ್ ವಾರನ್ ಬಂದದ್ದೂ ಮಾರಿಕುಪ್ಪಂ ಕಡೆ ಹಳ್ಳಿಗರಿಗೆ ಮೊದಲೇ ಗೊತ್ತಿದ್ದ ಚಿನ್ನ ನೋಡೋದಕ್ಕೆ. 2001ರಲ್ಲಿ ಗಣಿ ಮುಚ್ಚಿತು, 2018ರಲ್ಲಿ ‘ಕೆ.ಜಿ.ಎಫ್.’ ಸಿನಿಮಾ ಬಂದು ಹೆಸರು ಮತ್ತೆ ಮಿಂಚಿತು. ಆದರೆ ಬಂಗಾರಪೇಟೆ ಹತ್ತಿರ ಹುನ್ಕುಂದದಲ್ಲಿ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ, ನೋಡಿದವರೆಷ್ಟು ಮಂದಿ ಇದ್ದೀರಿ? ಮುಳಬಾಗಿಲಿನ ಆವನಿ ಬೆಟ್ಟ ಲವಕುಶರು ಹುಟ್ಟಿದ ಜಾಗ ಅಂತ ಕೈಮುಗಿದು ಇಳಿಯುತ್ತೇವೆ. ಟೇಕಲ್ ಸ್ಟೇಷನ್ನಿನಲ್ಲಿ ಇಳಿದರೆ ಬಂಡೆಗಳ ಸಂತೆ. ಅಂತರಗಂಗೆ ಬೆಟ್ಟದ ಸಾಲು ಬಿಡಿ, ಶ್ರೀನಿವಾಸಪುರದ ಮಾವಿನ ತೋಪಿನ ಹಿಂದೆಯೂ ಗುಡ್ಡ. ಬೂದುಗಲ್ಲಿನ ನಡುವೆ ಕರಿಕಲ್ಲಿನ ಪಟ್ಟಿ ನಮ್ಮ ಜಿಲ್ಲೆಯಲ್ಲೂ ಹಾಯ್ದಿದೆ. ಕ್ವಾರಿಯ ಕಂಪ್ರೆಸರ್ ಸದ್ದೂ ಇದೆ.

ಆದ್ದರಿಂದ ಗೆಳೆಯರೇ, ಭಾನುವಾರ ಮಾರ್ನಿಂಗ್ ಷೋ ಮುಗಿಸಿ ಸಂಜೆ ನಿಮ್ಮೂರ ಗುಡ್ಡ ಹತ್ತಿ. ಕುರಿ ಕಾಯುವವರನ್ನು ಮೊದಲು ಮಾತಾಡಿಸಿ. ಮರದಡಿ ದೇವರ ಕಲ್ಲುಗಳ ರಾಶಿಯಲ್ಲಿ ನುಣುಪಾದ ಚೂಪುಗಲ್ಲು ಇದ್ದರೆ ಗಮನಿಸಿ. ಸೇಲಂ ಕಡೆ ಶೆವರಾಯ್ ಬೆಟ್ಟದ ಗುಡಿಗಳಲ್ಲಿ ಜನ ಕೂಡಿಟ್ಟಿದ್ದ ಕಲ್ಲುಕೊಡಲಿಗಳನ್ನು ರಾಬರ್ಟ್ ಬ್ರೂಸ್ ಫೂಟ್ ಹಾಗೇ ಗುರುತಿಸಿದ್ದು. ಏನಾದರೂ ಕಂಡರೆ ಫೋಟೋ ತೆಗೆದು, ಜಾಗ ಬರೆದುಕೊಂಡು, ಪುರಾತತ್ವ ಇಲಾಖೆಗೆ ತಿಳಿಸಿ. ಸೀಮೆಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಕುಟ್ಟಬೇಡಿ. ನಿಮ್ಮ ಹುಡುಗಿ ಹೆಸರನ್ನಂತೂ ಖಂಡಿತ ಗೀಚಬೇಡಿ!

ಸಿನಿಮಾ ರೀಲು ಸುಟ್ಟರೆ ಎಲ್ಲೋ ಒಂದು ಪ್ರಿಂಟ್ ಸಿಕ್ಕೀತು. ಬಂಡೆಗೆ ಎರಡನೇ ಪ್ರಿಂಟ್ ಇಲ್ಲ.