ಇಳಿಜಾರಿಗೊಂದು ಜೀಪು

ಮಲೆನಾಡಿನಲ್ಲಿ ಹಳೆಯ ಜೀಪು ಮಾರುವವರು ಮೊದಲು ಹೇಳುವ ಮಾತು, "ಎಂಥಾ ಗುಡ್ಡ ಆದ್ರೂ ಹತ್ತುತ್ತೆ." ಕೊಳ್ಳಲು ಹೋದವರಿಗೂ ಕೇಳಬೇಕಾಗಿರುವುದು ಅದೇ. ಎಂಜಿನ್ ಸ್ಟಾರ್ಟ್ ಮಾಡಿ, ಮನೆ ಹಿಂದಿನ ದರೆಯನ್ನು ಒಮ್ಮೆ ಹತ್ತಿಸಿ ತೋರಿಸಿದರೆ ವ್ಯಾಪಾರ ಅರ್ಧ ಮುಗಿದ ಹಾಗೆ. ನಾನು ಮಾತ್ರ ಆ ದರೆಯ ತುದಿಯಲ್ಲಿ ನಿಂತು, "ಇನ್ನು ಬ್ರೇಕ್ ಮುಟ್ಟದೆ ಇಳಿಸಿ ನೋಡೋಣ" ಎನ್ನುತ್ತೇನೆ. ಫೋರ್ ವೀಲ್ ಡ್ರೈವ್ ಗಾಡಿಯ ಯೋಗ್ಯತೆ ಗೊತ್ತಾಗುವುದು ಇಳಿಯುವಾಗ. ಅದರ ಹಿಂದೆ ಟ್ರೇಲರ್ ಕಟ್ಟುವವರಿಗಂತೂ ಬೇರೆ ಯಾವ ಪರೀಕ್ಷೆಯೂ ಇದರಷ್ಟು ಮುಖ್ಯವಲ್ಲ.

ಅಕ್ಕನ ಮಗನಿಗೆ ಈ ವರ್ಷ ಅಂಥದೊಂದು ಗಾಡಿ ಬೇಕಾಯಿತು. ಅವನ ಅಡಿಕೆ ತೋಟ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಸಿಗುವ ಒಂದು ಕಣಿವೆಯ ತಳದಲ್ಲಿದೆ. ಮನೆ ಮೇಲೆ, ತೋಟ ಕೆಳಗೆ, ನಡುವೆ ಕೆಮ್ಮಣ್ಣಿನ ದಾರಿ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. 200 ಲೀಟರಿನ ಎರಡು ಡ್ರಮ್ಮು, ಪಂಪು, ಪೈಪಿನ ಸುರುಳಿ, ಮೈಲುತುತ್ತ, ಸುಣ್ಣ ಎಲ್ಲ ಟ್ರೇಲರಿನಲ್ಲಿ ಕೆಳಗಿಳಿಯಬೇಕು. ಕೊಯ್ಲಿನಲ್ಲಿ ಗೊನೆ ಮೇಲೆ ಬರಬೇಕು. ಬಿಡುವು ಸಿಕ್ಕಾಗ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾಡುದಾರಿಯಲ್ಲಿ ಒಂದು ಸುತ್ತು ಹೋಗಿಬರುವ ಆಸೆಯೂ ಅವನಿಗಿದೆ. ಅದು ನ್ಯಾಯವಾದ ಆಸೆ. ಗಾಡಿ ದುಡಿಯುವುದಕ್ಕಷ್ಟೇ ಇರಬೇಕೆಂದು ನಾನು ಎಂದೂ ಹೇಳುವವನಲ್ಲ.

"ಮಾವ, ಒಂದು ಜೀಪು ನೋಡಿದ್ದೀನಿ. ಕೊಡಚಾದ್ರಿ ಹತ್ತಿದ ಗಾಡಿಯಂತೆ" ಎಂದ.

"ಇಳಿದದ್ದು ಹ್ಯಾಗೆ ಅಂತ ಕೇಳಿದ್ಯನೋ?" ಎಂದೆ.

ಲೆಕ್ಕ ಹಾಕಿ ನೋಡಿ. ಎರಡು ಡ್ರಮ್ಮಿನ ನೀರೇ 400 ಕಿಲೋ. ಪಂಪು, ಸಾಮಾನು, ಟ್ರೇಲರಿನ ಸ್ವಂತ ತೂಕ ಸೇರಿದರೆ ಮುಕ್ಕಾಲು ಟನ್ನಿನ ಹತ್ತಿರ ಬರುತ್ತದೆ. ಸಣ್ಣ ಟ್ರೇಲರುಗಳಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಅಷ್ಟೂ ಭಾರ ಜೀಪಿನ ಬೆನ್ನ ಮೇಲೆ ಬಂದು ನೂಕುತ್ತದೆ. ತಿರುವಿನಲ್ಲಿ ನೂಕಿದರೆ ಜೀಪಿನ ಹಿಂಭಾಗವೇ ಪಕ್ಕಕ್ಕೆ ಸರಿಯುತ್ತದೆ. ಭಾರವನ್ನು ಎಲ್ಲಿ ಇಡಬೇಕೆನ್ನುವುದು ಎತ್ತಿನ ಗಾಡಿ ಹೂಡಿದವರಿಗೆ ಹೊಸ ವಿಷಯವಲ್ಲ: ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನ ಒಟ್ಟು ತೂಕದಲ್ಲಿ ಹತ್ತರಲ್ಲೊಂದು ಪಾಲು ಜೀಪಿನ ಹುಕ್ಕಿನ ಮೇಲೆ ಕೂರಬೇಕು. ಹಿಂಭಾರವಾದ ಟ್ರೇಲರ್ ವೇಗ ಬಂದಂತೆ ಎಡಕ್ಕೂ ಬಲಕ್ಕೂ ಬಾಲ ಆಡಿಸತೊಡಗುತ್ತದೆ. ಅರ್ಧ ತುಂಬಿದ ಡ್ರಮ್ಮು ಇನ್ನೂ ಕೆಟ್ಟದ್ದು, ಒಳಗಿನ ನೀರು ತುಳುಕಿದ ಕಡೆಗೆಲ್ಲ ಗಾಡಿಯನ್ನು ಎಳೆಯುತ್ತದೆ. ಒಯ್ದರೆ ಬಾಯಿಮಟ್ಟ ತುಂಬಿ ಮುಚ್ಚಳ ಬಿಗಿದು ಒಯ್ಯಬೇಕು, ಇಲ್ಲವೇ ಖಾಲಿ ಡ್ರಮ್ಮು ಒಯ್ದು ತೋಟದ ನೀರನ್ನೇ ತುಂಬಿಕೊಳ್ಳಬೇಕು.

ಜೀಪು ಹುಟ್ಟಿದಾಗಿನಿಂದಲೂ ಟ್ರೇಲರಿಗೆ ಒಗ್ಗಿದ ಗಾಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಜೀಪಿನ ಹಿಂದೆ ಕಟ್ಟಲೆಂದೇ ಎರಡು ಚಕ್ರದ ಕಾಲು ಟನ್ ಟ್ರೇಲರ್ ಮಾಡಿಸಿತ್ತು. ಆ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಯಲ್ಲಿ ಇಲ್ಲಿ ಜೋಡಿಸಲು ಶುರು ಮಾಡಿದ್ದು ಮಹೀಂದ್ರ. ನಮ್ಮ ತೋಟಗಳಲ್ಲಿ ಈಗಲೂ ಓಡಾಡುವ ಎಂಎಂ 540, ಮೇಜರ್ ಎಲ್ಲ ಆ ವಂಶದವೇ. ಇವುಗಳ ಫೋರ್ ವೀಲ್ ಮಾದರಿಗಳಿಗೆ ಮುಖ್ಯ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ, ಟ್ರಾನ್ಸ್‌ಫರ್ ಕೇಸ್. ಅದರಲ್ಲಿ ಲೋ ಹಾಕಿದರೆ ಚಕ್ರದ ವೇಗ ಸುಮಾರು ಎರಡೂವರೆ ಪಟ್ಟು ತಗ್ಗುತ್ತದೆ, ಎಂಜಿನ್ನಿನ ಹಿಡಿತ ಅಷ್ಟೇ ಪಟ್ಟು ಏರುತ್ತದೆ. ಲೋ ಇರುವುದು ಕೆಸರಿನಿಂದ ಎದ್ದು ಬರುವುದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಇರುವುದು ಇಳಿಯುವುದಕ್ಕೆ. ಲೋ ಫಸ್ಟಿನಲ್ಲಿ ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಮೂರರಿಂದಲೂ ಕಾಲು ತೆಗೆದು ಬಿಟ್ಟರೆ ಒಳ್ಳೆಯ ಜೀಪು ಮನುಷ್ಯ ನಡೆಯುವ ವೇಗದಲ್ಲಿ ತಾನಾಗಿ ಇಳಿಯುತ್ತದೆ.

ಸವೆದ ಜೀಪು ಸಿಕ್ಕಿಬೀಳುವುದೂ ಇಲ್ಲಿಯೇ. ಪೆಟ್ಟಿಗೆಯ ಹಲ್ಲು, ಬೇರಿಂಗ್ ಸವೆದಿದ್ದರೆ ಹತ್ತುವಾಗ ಏನೂ ಗೊತ್ತಾಗದು, ಎಂಜಿನ್ ಎಳೆಯುತ್ತಿರುವಷ್ಟು ಹೊತ್ತು ಹಲ್ಲುಗಳು ಕಚ್ಚಿಕೊಂಡೇ ಇರುತ್ತವೆ. ಇಳಿಯುವಾಗ ಒತ್ತಡ ಹಿಂದುಮುಂದಾಗುತ್ತದೆ, ಲೋ ಹಾಕಿದ ಲಿವರ್ ಟಪ್ಪೆಂದು ನ್ಯೂಟ್ರಲ್ಲಿಗೆ ಹಾರುತ್ತದೆ. ಆ ಗಳಿಗೆಯಲ್ಲಿ ಎಂಜಿನ್ನಿನ ಹಿಡಿತ ಪೂರ್ತಿ ತಪ್ಪಿ, ಉಳಿಯುವುದು ಕಾಲಡಿಯ ಬ್ರೇಕ್ ಒಂದೇ. ಲಿವರನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ಇಳಿಸುವ ಡ್ರೈವರುಗಳನ್ನು ನೋಡಿದ್ದೇನೆ. "ಇದಕ್ಕೆ ಸ್ವಲ್ಪ ಹಾಗೆ ಹಿಡಿದುಕೊಂಡ್ರೆ ಆಯ್ತು" ಎಂದು ಮಾರುವವರು ಹೇಳಿದರೆ ನಮಸ್ಕಾರ ಹಾಕಿ ಎದ್ದು ಬರಬೇಕು.

ಹ್ಯಾಂಡ್‌ಬ್ರೇಕಿನದೂ ಹೀಗೆಯೇ. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಅದು ಚಕ್ರಗಳಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವ ಹಾಗೆ ಇರುತ್ತದೆ. ಆಯಿಲ್ ಸೀಲ್ ಹೋಗಿ ಎಣ್ಣೆ ಸೋರಿದರೆ ನೆನೆಯುವುದು ಅದರ ಲೈನಿಂಗೇ. ಇಳಿಜಾರಿನಲ್ಲಿ ಜೀಪು ನಿಲ್ಲಿಸಿ ಡ್ರಮ್ಮು ಇಳಿಸುವ ಕೆಲಸದಲ್ಲಿ ಇದು ಜೀವದ ಪ್ರಶ್ನೆ. ಅದಕ್ಕೇ ಗಾಡಿಯ ಅಡಿಗೆ ನುಗ್ಗಿ ನೋಡದೆ ದುಡ್ಡು ಕೊಡಬಾರದು. ಹಳ್ಳ ದಾಟಿದ ಮೇಲೆ ನೆನೆದ ಡ್ರಮ್ ಬ್ರೇಕು ಸ್ವಲ್ಪ ದೂರ ಹಿಡಿಯುವುದೇ ಇಲ್ಲ. ಕಾಡುದಾರಿಯ ಆಸೆ ಇದ್ದವರು ಅದನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನು ಫೋರ್ ವೀಲ್ ಹಾಕುವ ವಿಚಾರ. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗುತ್ತವೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲಾರದೆ ಪೆಟ್ಟಿಗೆಗೇ ಏಟು. ಹಿಂದೆ ಎರಡು ಹೊಸ ಟಯರು, ಮುಂದೆ ಬೇರೆ ಅಳತೆಯ ಎರಡು ಹಳೆಯ ಟಯರು ಹಾಕಿದ ಜೀಪು ಕಂಡರೆ ಅದರ ಪೆಟ್ಟಿಗೆ ಬಹಳ ದಿನದಿಂದ ನರಳುತ್ತಿದೆ ಎಂದೇ ತಿಳಿಯಬೇಕು. ಮುಂದಿನ ಚಕ್ರದ ಹಬ್ಬುಗಳು ಲಾಕ್ ಆಗುತ್ತವೆಯೋ ಇಲ್ಲವೋ ನೋಡಿ. ಅವು ಕಚ್ಚದಿದ್ದರೆ ಲಿವರ್ ಎಲ್ಲಿದ್ದರೂ ಓಡುವುದು ಹಿಂದಿನ ಎರಡೇ ಚಕ್ರ.

ಯಾವ ಗಾಡಿ ತೆಗೆದುಕೊಳ್ಳುವುದು? ಜಿಪ್ಸಿ ನನಗೆ ಇಷ್ಟ. ಒಂದು ಟನ್ನಿನ ಆಸುಪಾಸಿನ ಹಗುರ ಮೈ, ಕೆಸರಿನ ಮೇಲೆ ತೇಲಿಕೊಂಡು ಹೋಗುತ್ತದೆ. ಸುತ್ತಾಟ ಮಾತ್ರ ಇದ್ದವರು ಬೇರೆ ನೋಡಬೇಕಾಗಿಲ್ಲ. ಆದರೆ ಆ ಹಗುರತನವೇ ಟ್ರೇಲರಿಗೆ ಆಗಿಬರದು. ಮುಕ್ಕಾಲು ಟನ್ ನೂಕಿದರೆ ಒಂದು ಟನ್ ಎಷ್ಟು ಹೊತ್ತು ತಡೆದೀತು? 1.3 ಲೀಟರಿನ ಪೆಟ್ರೋಲ್ ಎಂಜಿನ್ನಿನ ಶಕ್ತಿ ಸಿಗುವುದೂ ವೇಗ ಏರಿದ ಮೇಲೆ. 2010ರಲ್ಲಿ ಬಂದ ಮೊದಲ ಥಾರ್‌ನ ಸಿಆರ್‌ಡಿಇ ಸುತ್ತಾಟ, ಟ್ರೇಲರ್ ಎರಡಕ್ಕೂ ಒದಗುತ್ತದೆ: ಎರಡೂವರೆ ಲೀಟರ್ ಡೀಸೆಲ್, 105 ಅಶ್ವಶಕ್ತಿ, ಒಂದೂವರೆ ಟನ್ ಮೀರಿದ ತೂಕ. 2015ರಿಂದೀಚಿನವುಗಳಿಗೆ ಹಿಂದಿನ ಆಕ್ಸಲಿನಲ್ಲಿ ಲಾಕ್ ಆಗುವ ಡಿಫರೆನ್ಶಿಯಲ್ಲೂ ಬಂತು. ಬೆಲೆ ಮಾತ್ರ ಅವನ ಕೈಗೆ ಎಟುಕಲಿಲ್ಲ. ಉಳಿದದ್ದು 2.1 ಲೀಟರಿನ ಪ್ಯೂಜೊ ಡೀಸೆಲ್ ಎಂಜಿನ್ನಿನ ಎಂಎಂ 540. ಓಟದಲ್ಲಿ ನಿಧಾನ, ಸದ್ದು ಜೋರು, ಆದರೆ ಊರಿನ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಬಹುದು.

ನಮ್ಮ ಮಳೆಯಲ್ಲಿ ತುಕ್ಕು ಹಿಡಿಯದ ಜೀಪು ಇಲ್ಲ. ಫ್ಲೋರ್ ತೂತಾಗಿದ್ದರೆ ನಾನು ಹೆದರುವುದಿಲ್ಲ, ತಗಡು ಬೆಸೆದರಾಯಿತು. ನೋಡಬೇಕಾದದ್ದು ಚಾಸಿಯನ್ನು, ಅದರಲ್ಲೂ ಟ್ರೇಲರ್ ಹುಕ್ ಕೂರುವ ಹಿಂದಿನ ಅಡ್ಡಪಟ್ಟಿಯನ್ನು. ವರ್ಷಗಟ್ಟಲೆ ಎಳೆದ ಗಾಡಿಯಲ್ಲಿ ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಇರಬಹುದು, ಅದರ ಮೇಲೊಂದು ವೆಲ್ಡಿಂಗ್ ಪಟ್ಟಿ ಇರಬಹುದು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತಿಂದು ಹೋದದ್ದು ಡಬ್ ಎನ್ನುತ್ತದೆ. ಅಡಿಗೆಲ್ಲ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಹೊತ್ತು ತಟ್ಟಿ.

ಕಾಗದಪತ್ರದ ವಿಷಯದಲ್ಲಿ ದಾಕ್ಷಿಣ್ಯ ಬೇಡ. ಟೂ ವೀಲ್ ಡ್ರೈವಿನ ಮಹೀಂದ್ರ ಕಮಾಂಡರಿನ ಚಾಸಿ ಕತ್ತರಿಸಿ, ಮುಂದೆ ಆಕ್ಸಲ್ ಸೇರಿಸಿ ಚೆಂದದ ಗಿಡ್ಡ ಜೀಪು ಮಾಡಿದವು ಎಷ್ಟೋ ಇವೆ. ಕಂಪನಿ ಕೊಟ್ಟ ಮೂಲ ರಚನೆಯನ್ನು ಹೀಗೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿಯಾಗಿದೆ. ಚಾಸಿ ನಂಬರನ್ನು ಉಜ್ಜಿ ಒರೆಸಿ ಆರ್‌ಸಿಯ ಜೊತೆ ಇಟ್ಟು ಓದಿ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ತಡೆ ಬಂದ ಮೇಲೆ ಆ ಕಡೆಯಿಂದ ಅಗ್ಗದ ಗಾಡಿಗಳು ಬರುತ್ತಿವೆ. ಅವಕ್ಕೆ ಎನ್‌ಒಸಿ ತಂದು, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಿ, ಹೊಸ ನಂಬರ್ ಮಾಡಿಸುವ ಹೊತ್ತಿಗೆ ಅಗ್ಗದ ಮಾತು ಎಷ್ಟು ಉಳಿಯಿತೆಂದು ಕೂಡಿ ಕಳೆದು ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣವಾಗುವುದು ಐದೈದು ವರ್ಷಕ್ಕೆ. ಟ್ರೇಲರ್ ಕೂಡ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಇದನ್ನು ನಮ್ಮಲ್ಲಿ ಬಹಳ ಜನ ಕಿವಿಗೇ ಹಾಕಿಕೊಳ್ಳುವುದಿಲ್ಲ. ರಸ್ತೆಯಲ್ಲಿ ಏನಾದರೂ ಆದ ದಿನ ವಿಮೆಯವರು ಮೊದಲು ಕೇಳುವುದು ಅದನ್ನೇ.

ಕೊಡಚಾದ್ರಿ ಹತ್ತಿದ ಆ ಜೀಪಿನ ಲಿವರ್ ಮೊದಲ ಇಳುಕಲಿನಲ್ಲೇ ಹಾರಿತು. ಅವನು ಕೊನೆಗೆ ಕೊಂಡದ್ದು ಕೊಪ್ಪದ ಹತ್ತಿರದ ಒಂದು ತೋಟದಲ್ಲಿ ದುಡಿದ ಎಂಎಂ 540. ಬಣ್ಣ ಮಾಸಿದೆ, ಹುಡ್ಡು ಹರಿದಿದೆ, ಡ್ರೈವರ್ ಕಾಲಡಿಯಲ್ಲಿ ನೆಲ ಕಾಣುತ್ತದೆ. ಲೋ ಫಸ್ಟಿನಲ್ಲಿ ಆ ತೋಟದವರ ಗದ್ದೆಯ ದಾರಿ ಇಳಿಸಿದಾಗ ಲಿವರ್ ಅಲುಗಲಿಲ್ಲ. "ಮಾವ, ಹುಡ್ಡು ಮೊದಲು ಹೊಲಿಸ್ಲಾ?" ಎಂದು ಕೇಳಿದ. ಹುಡ್ಡು ಶ್ರಾವಣಕ್ಕೆ ಆಗಲಿ ಎಂದೆ. ಬೋರ್ಡೋ ಹೊಡೆಯುವ ಮೊದಲು ನಾಲ್ಕೂ ಬ್ರೇಕ್ ಡ್ರಮ್ಮಿನ ಲೈನಿಂಗ್, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕಿನ ಆಯಿಲ್ ಸೀಲು ಬದಲಾಗಬೇಕು. ಹುಕ್ಕಿನ ಪಕ್ಕದಲ್ಲಿ ಎರಡು ಸೇಫ್ಟಿ ಚೈನಿಗೆ ಕೊಂಡಿ ಹಾಕಿಸಬೇಕು. ಸಾಮಾನಿನ ಪಟ್ಟಿ ಹಿಡಿದುಕೊಂಡು ಅವನು ಈ ವಾರ ಶಿವಮೊಗ್ಗಕ್ಕೆ ಹೊರಟಿದ್ದಾನೆ, ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಲು ಹೇಳಿದ್ದೇನೆ.